ಕುರುಗೋಡಿನ ಗುಡ್ಡದಲ್ಲಿ ಸಿಗ್ನಲ್ ಹುಡುಕಿದ್ದು

ಆ ವರ್ಷಗಳಲ್ಲಿ ಬಳ್ಳಾರಿ ಸೀಮೆಯಲ್ಲಿ ಯಾರಾದರೂ ಕೈಯಲ್ಲೊಂದು ಯಂತ್ರ ಹಿಡಿದು ಗುಡ್ಡದ ಕಡೆ ನೋಡಿದರೆ ಸಾಕು, ಹಿಂದೆ ಜನ ಬಂದು ನಿಲ್ಲುತ್ತಿದ್ದರು. ಅದಿರಿನ ಕಾಲ ಅದು. ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು ಹಗಲಿರುಳು ತುಂಡಾಗುತ್ತಿರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಮೊದಲು ಮಳೆ ಬೆಳೆ ಮಾತಾಡುತ್ತಿದ್ದವರು ಈಗ ಯಾವ ಗುಡ್ಡದ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ವಾದಿಸುತ್ತಿದ್ದರು. ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಗುಮಾಸ್ತರೊಬ್ಬರು ಒಂದು ದಿನ ಟವೆಲಿನಲ್ಲಿ ಕಲ್ಲು ಸುತ್ತಿಕೊಂಡು ಬಂದರು. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ.

"ನಿಮ್ಮ ಲ್ಯಾಬಿನಾಗ ಮ್ಯಾಗ್ನೆಟ್ ಇರಬೇಕಲ್ಲವ್ವ, ಒಂದೀಟು ಹಚ್ಚಿ ನೋಡು. ನಮ್ಮ ಹೊಲದ್ದು ಇದು."

ಹಚ್ಚಿ ನೋಡಿದೆ. ಅಂಟಲಿಲ್ಲ. ಅವರು ಕಲ್ಲನ್ನು ಮತ್ತೆ ಜೋಪಾನವಾಗಿ ಸುತ್ತಿಕೊಂಡು, "ಇದು ಮ್ಯಾಲಿನ ಕಲ್ಲು. ಒಳಗ ಬ್ಯಾರೆ ಇರತೈತಿ" ಎಂದು ಹೊರಟರು.

ಇಂಥ ದಿನಗಳಲ್ಲಿ ನನ್ನನ್ನು ಗುಡ್ಡ ಹತ್ತಿಸಿದವಳು ಊರಿನ ಇನ್ನೊಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಗೆಳತಿ. ಸಿರುಗುಪ್ಪದವಳು. ಅವಳ ಅಬ್ಬಾಗೆ ಅಲ್ಲಿ ರೈಸ್ ಮಿಲ್ಲುಗಳ ಯಂತ್ರ ರಿಪೇರಿಯ ಅಂಗಡಿ. ಬಸ್ಸಿನಲ್ಲಿ ಪರಿಚಯವಾಗಿ, ಪುಸ್ತಕ ಕೊಟ್ಟು ತಂದು ಮಾಡುತ್ತಾ, ಒಬ್ಬರ ಮನೆಗೊಬ್ಬರು ಹೋಗುವಷ್ಟು ಹತ್ತಿರವಾಗಿದ್ದೆವು. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕೂತು ಅವಳು ಕೇಳಿದಳು:

"ಲಾರಿ ಓಡಾಡೋ ರಸ್ತಿ ಬಾಜೂಕ ಗಿಡಗಳ ಎಲಿ ಎಲ್ಲಾ ಕೆಂಪಾಗ್ಯಾವು. ಅದು ಕಣ್ಣಿಗಿ ಕಾಣತೈತಿ. ಆದ್ರ ಆ ಧೂಳು ಎಷ್ಟು ದೂರ ಹೋಗತೈತಿ? ಗುಡ್ಡ ದಾಟತೈತೋ ಇಲ್ಲೋ? ಕಾಡಿನ ಒಳಗ ಬಿಸಿಲು, ತೇವ ಏನಾಗತೈತಿ? ನಾನು ವಾರಕ್ಕೊಮ್ಮಿ ಹೋಗಿ ನೋಡಿದ್ರ ಏನೂ ತಿಳಿಯಂಗಿಲ್ಲ. ಅಲ್ಲೇ ಕುಂತು ನೋಡೋ ಯಂತ್ರ ಬೇಕು ನಂಗ."

ಅಂಥ ಯಂತ್ರಗಳು ಆಗಷ್ಟೇ ಬಂದಿದ್ದವು. ಅಂಗೈಯಗಲದ ಪೆಟ್ಟಿಗೆ. ಒಳಗೆ ಶಾಖ, ಗಾಳಿಯ ತೇವ, ಧೂಳು ಅಳೆಯುವ ಸೆನ್ಸರುಗಳು, ಬ್ಯಾಟರಿ, ಒಂದು ಪುಟ್ಟ ರೇಡಿಯೋ. ತಂತಿ ಬೇಡ. ಒಂದು ಪೆಟ್ಟಿಗೆ ತಾನು ಕಂಡದ್ದನ್ನು ಪಕ್ಕದ ಪೆಟ್ಟಿಗೆಗೆ ದಾಟಿಸುತ್ತದೆ, ಅದು ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ಬಿಂದಿಗೆ ದಾಟಿಸಿದಂತೆ ಸುದ್ದಿ ಗುಡ್ಡದ ಕೆಳಗಿನ ಕಂಪ್ಯೂಟರಿಗೆ ಬರುತ್ತದೆ. ನಾನದನ್ನು ಪುಸ್ತಕದಲ್ಲಿ ಓದಿದ್ದೆ, ಲ್ಯಾಬಿನ ಮೇಜಿನ ಮೇಲೆ ಮಾಡಿ ನೋಡಿದ್ದೆ. ಕಾಡಿನಲ್ಲಿ? ಕೇಳಿದ ಕೂಡಲೇ ಮೈಯಲ್ಲಿ ಒಂದು ಬಗೆಯ ತುರಿಕೆ ಶುರುವಾಯಿತು. ಇಬ್ಬರೂ ಸೇರಿ ಅರ್ಜಿ ಬರೆದೆವು, ಸಣ್ಣದೊಂದು ಯೋಜನೆ ಮಂಜೂರಾಯಿತು, ಕುರುಗೋಡಿನ ಹತ್ತಿರದ ಒಂದು ಕುರುಚಲು ಕಾಡಿನ ಗುಡ್ಡಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಸಿಕ್ಕಿತು. ಮೊದಲು ಸರ್ವೆ, ಆಮೇಲೆ ಜೋಡಣೆ. ಎಲ್ಲಿಂದ ಎಲ್ಲಿಗೆ ಸಿಗ್ನಲ್ ಮುಟ್ಟುತ್ತದೆ ಎಂದು ತಿಳಿಯದೆ ಪೆಟ್ಟಿಗೆ ನೆಡುವಂತಿರಲಿಲ್ಲ.

ಪೆಟ್ಟಿಗೆಗಳ ಹೊರಕವಚ ಮಾಡಿಕೊಟ್ಟವರು ಗೆಳತಿಯ ಅಬ್ಬಾ. ಮಳೆನೀರು ಒಳಗೆ ಹೋಗಬಾರದು, ಗಾಳಿ ಹೋಗಬೇಕು ಎಂದಾಗ ಅವರು ತಲೆ ಕೆರೆದುಕೊಂಡು ನಕ್ಕರು. "ಬೇಟಿ, ಇದು ಭಾಳ ನಖರಾದ ಪೆಟಗಿ ಐತಿ." ಎರಡು ಸಲ ಮಾಡಿ ಕೆಡಿಸಿ, ಮೂರನೆಯದಕ್ಕೆ ಮಗುಚಿದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಮಾಡಿ, ನಲ್ಲಿಯ ಕೆಳಗೆ ಹಿಡಿದು ತೋರಿಸಿದರು. ಒಳಗಿಟ್ಟ ಕಾಗದ ಒದ್ದೆಯಾಗಿರಲಿಲ್ಲ. ಅವತ್ತೇ ಹಚ್ಚೊಳ್ಳಿ ಕಡೆಯ ಕಾಲುವೆ ಏರಿಯ ಮೇಲೆ ಪರೀಕ್ಷೆಗೆ ಹೋದೆವು. ನಾನು ಒಂದು ಪೆಟ್ಟಿಗೆಯನ್ನು ಕೋಲಿಗೆ ಕಟ್ಟಿ ನಿಂತೆ. ಗೆಳತಿ ರಿಸೀವರ್ ಹಿಡಿದು, ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿ, ಟ್ರೈಲರ್ ಹತ್ತಿ ಹೊರಟಳು. ನೆಲ್ಲಿನ ಗದ್ದೆಗಳ ನಡುವೆ ಅವಳ ನೀಲಿ ದುಪಟ್ಟಾ ಚುಕ್ಕಿಯಾಗುವವರೆಗೂ ಸಿಗ್ನಲ್ ತಪ್ಪಲಿಲ್ಲ. ಮೊಬೈಲಿನಲ್ಲಿ ಕೂಗುತ್ತಿದ್ದಳು: "ಇನ್ನೂ ಐತಿ! ಇನ್ನೂ ಐತಿ! ಇವ್ರು ತೆಕ್ಕಲಕೋಟಿಗಿ ಹೊಂಟಾರಂತ, ಹೋಗಲೇನು?"

ಆ ಉತ್ಸಾಹದಲ್ಲೇ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಕುರುಗೋಡಿಗೆ ಇಳಿದೆವು. ಜೊತೆಗೆ ಇಲಾಖೆಯವರು ಕೊಟ್ಟ ಕಾವಲುಗಾರ, ಐವತ್ತು ದಾಟಿದ, ದೊಡ್ಡ ಗಂಟಲಿನ ಮನುಷ್ಯ. ಗಡಿಯ ಕಡೆಯವನಾದ್ದರಿಂದ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಕರಡಿಯನ್ನು ಬೆದರಿಸಲೆಂದು ಹಳೆಯ ತೆಲುಗು ಸಿನಿಮಾ ಹಾಡುಗಳನ್ನು ಗಟ್ಟಿಯಾಗಿ ಹಾಡುತ್ತಾ ಮುಂದೆ ನಡೆಯುತ್ತಿದ್ದ.

"ನೀವು ಹಾಡಿದ್ರ ಹಕ್ಕಿ ಒಂದೂ ಕಾಣಂಗಿಲ್ಲ" ಎಂದು ಗೆಳತಿ ಸಿಡುಕಿದರೆ, "ಹಕ್ಕಿ ಕಾಣದಿದ್ರ ನಡೀತದಮ್ಮಾ, ಕರಡಿ ಕಂಡ್ರ ನಡ್ಯಲ್ಲ" ಎನ್ನುತ್ತಿದ್ದ.

ನಕ್ಷೆಯಲ್ಲಿ ಆ ಗುಡ್ಡ ಒಂದು ಹಸಿರು ಮಚ್ಚೆಯಾಗಿತ್ತು. ಒಳಗೆ ಹೋದರೆ ಮನೆಗಾತ್ರದ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಕಮರ, ಕಾರೆ, ಬಂದರಿಕೆ, ಹಣ್ಣು ಬಿರಿದು ನೊಣ ಮುತ್ತಿದ ಸೀತಾಫಲದ ಗಿಡಗಳು. ಸರ್ವೆಯ ಕ್ರಮ ಸರಳ. ಒಂದು ಪೆಟ್ಟಿಗೆಯನ್ನು ಮರಕ್ಕೆ ಕಟ್ಟುವುದು, ರಿಸೀವರ್ ಹಿಡಿದು ದೂರ ನಡೆಯುವುದು, ತೆರೆಯ ಮೇಲಿನ ಅಂಕಿ ಎಲ್ಲಿ ಇಳಿಯಿತು, ಎಲ್ಲಿ ಸತ್ತಿತು ಎಂದು ಗುರುತು ಹಾಕುವುದು. ಗದ್ದೆಯ ಮೇಲೆ ಊರಿಂದೂರಿಗೆ ಹಾರುವಂತಿದ್ದ ಸಿಗ್ನಲ್ ಇಲ್ಲಿ ಒಂದು ಬಂಡೆ ಸುತ್ತಿದರೆ ಸಾಯುತ್ತಿತ್ತು. ಬೆಳಿಗ್ಗೆ ಇಬ್ಬನಿಯಲ್ಲಿ ಎಲೆ ನೆನೆದಿದ್ದಾಗ ಒಂದು ಲೆಕ್ಕ, ಮಧ್ಯಾಹ್ನ ಒಣಗಿದಾಗ ಇನ್ನೊಂದು. ಇದಕ್ಕಿಂತ ಸೋಜಿಗವೆಂದರೆ, ಇರಲೇಬಾರದ ಜಾಗದಲ್ಲಿ ಅದು ಇರುತ್ತಿತ್ತು. ಪೆಟ್ಟಿಗೆ ಕಣ್ಣಿಗೇ ಕಾಣದ ಒಂದು ತಗ್ಗಿನಲ್ಲಿ ನಿಂತಾಗ ಅಂಕಿ ಥಟ್ಟನೆ ಏರಿತು. ಒಂದು ಹೆಜ್ಜೆ ಎಡಕ್ಕೆ ಸರಿದೆ, ಇಲ್ಲ. ಮತ್ತೆ ಬಲಕ್ಕೆ, ಇದೆ. ಎದುರಿಗಿದ್ದ ಎತ್ತರದ ನುಣುಪು ಬಂಡೆಗೆ ಬಡಿದು, ಗೋಡೆಗೆ ಹೊಡೆದ ಚೆಂಡಿನಂತೆ ಪುಟಿದು ಬರುತ್ತಿತ್ತು ಅದು. ನಾನು ಆ ಒಂದು ಗೇಣು ಜಾಗದಲ್ಲಿ ಹಿಂದೆ ಮುಂದೆ ಕುಣಿಯುತ್ತಿರುವುದನ್ನು ನೋಡಿ ಕಾವಲುಗಾರ ಹಾಡು ನಿಲ್ಲಿಸಿದ.

"ಏಮೈಂದಮ್ಮಾ, ಏನಾತು? ಇರುವಿ ಕಚ್ಚಿದ್ವಾ?"

ಗುಡ್ಡದ ಮೇಲಿದ್ದ ಒಂದು ಕಮರದ ಮರಕ್ಕೆ ಒಂದು ಪೆಟ್ಟಿಗೆ ಕಟ್ಟಿ ಕೆಲವು ದಿನ ಅಲ್ಲೇ ಬಿಟ್ಟು ಬಂದೆವು. ಬ್ಯಾಟರಿ, ಬಿಸಿಲು, ಇರುವೆ ಎಲ್ಲ ತಾಳುತ್ತದೆಯೇ ನೋಡಬೇಕಿತ್ತು. ಮತ್ತೆ ಹೋದಾಗ ಮರದಲ್ಲಿ ತಂತಿಯ ತುಂಡು ಮಾತ್ರ ಇತ್ತು. ಪೆಟ್ಟಿಗೆ ಇರಲಿಲ್ಲ.

"ಕರಡಿ ಒಯ್ದದೆ" ಎಂದ ಕಾವಲುಗಾರ, ತಡವಿಲ್ಲದೆ.

"ಕರಡಿ ತಂತಿ ಹಿಂಗ ಸುರುಳಿ ಸುತ್ತಿ ಇಡತೈತೇನ್ರಿ?" ಎಂದಳು ಗೆಳತಿ. ನಿಜ. ತಂತಿಯನ್ನು ಯಾರೋ ನೀಟಾಗಿ ಬಿಚ್ಚಿ, ಸುತ್ತಿ, ಕೊಂಬೆಗೆ ಸಿಕ್ಕಿಸಿದ್ದರು.

ನಾನು ರಿಸೀವರ್ ಆನ್ ಮಾಡಿದೆ. ಪೆಟ್ಟಿಗೆ ಜೀವಂತವಾಗಿತ್ತು. ಎಲ್ಲೋ ಇತ್ತು, ಮಾತಾಡುತ್ತಿತ್ತು. ಅಷ್ಟೇ ಅಲ್ಲ, ನೋಡುತ್ತಿದ್ದಂತೆ ಅಂಕಿ ಏರಿತು, ಇಳಿಯಿತು, ಮತ್ತೆ ಏರಿತು. ಅದು ನಡೆಯುತ್ತಿತ್ತು. ಕಳ್ಳತನವಾಗಿದೆ ಎಂಬ ಸಿಟ್ಟು ಬರಬೇಕಿತ್ತು. ನನಗೆ ಬಂದದ್ದು ಬರೀ ಕುತೂಹಲ.

ಒಂದೇ ದಿಕ್ಕಿಗೆ ಕಿವಿ ಕೊಡುವ ಆಂಟೆನಾ ಸಿಕ್ಕಿಸಿ, ಸುತ್ತಲೂ ತಿರುಗಿಸಿ, ಅಂಕಿ ಹೆಚ್ಚಾದ ಕಡೆ ನಡೆದೆವು. ಮೊದಲು ಅದು ನಮ್ಮನ್ನು ಒಂದು ಬಂಡೆಯ ಗೋಡೆಗೆ ತಂದು ನಿಲ್ಲಿಸಿತು. ಬಂಡೆ ಕನ್ನಡಿಯ ಹಾಗೆ ಮೋಸ ಮಾಡಿತ್ತು, ನಿಜವಾದ ಪೆಟ್ಟಿಗೆ ನಮ್ಮ ಬೆನ್ನ ಹಿಂದಿತ್ತು. ತಿರುಗಿ ಇಳಿಜಾರಿನಲ್ಲಿ, ಮುಳ್ಳು ತರಚಿಸಿಕೊಳ್ಳುತ್ತಾ, ಕುರಿ ಮೇಕೆ ಓಡಾಡಿ ಸವೆದ ಜಾಡು ಹಿಡಿದೆವು. ಅಂಕಿಯ ಏರಿಳಿತ ನಿಂತಿತು. ಪೆಟ್ಟಿಗೆ ಎಲ್ಲೋ ಕೂತುಬಿಟ್ಟಿತ್ತು. ನಾವು ನಡೆದಷ್ಟೂ ಈಗ ಏರುತ್ತಲೇ ಹೋಯಿತು. ಕಾಡು ಮುಗಿದು, ಗುಡ್ಡದ ಬುಡದ ಓಣಿಯಲ್ಲಿ ಕೊನೆಯದಾದ ಒಂದು ಮಣ್ಣಿನ ಮಾಳಿಗೆಯ ಮನೆಯ ಮುಂದೆ ಅಂಕಿ ತುದಿ ಮುಟ್ಟಿತು.

ಬಾಗಿಲಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಜೋಳ ಕೇರುತ್ತಿದ್ದಳು. ನಮಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಅಂಗಳದಲ್ಲಿ ಆಗಷ್ಟೇ ಗುಡ್ಡದಿಂದ ಇಳಿದ ಮೇಕೆಗಳು. ನನ್ನ ಕೈಯ ಆಂಟೆನಾ ನೋಡಿದವಳೇ ಮೊರ ಕೆಳಗಿಟ್ಟಳು.

"ಹುಡಿಕ್ಕೊಂತ ಬಂದೇ ಬಿಟ್ರಾ? ಮೈನ್ಸಿನೋರು ಅಂದ್ರ ಹಿಂಗ ನೋಡು."

ಕಾವಲುಗಾರ ಮುಂದೆ ನುಗ್ಗಿದ. "ಸರ್ಕಾರಿ ಕಾಡಿನಾಗ ಕಟ್ಟಿದ್ದು ಬಿಚ್ಚಿಕೊಂಡು ಬರ್ತೀಯಾ? ಕೇಸ್ ಹಾಕಸ್ತೀನಿ ನೋಡು."

"ಹಾಕಸು. ಗುಡ್ಡಾನ ಲಾರಿ ಮ್ಯಾಲೆ ಹೇರ್ಕೊಂಡು ಹೋದೋರ ಮ್ಯಾಲೆ ಹಾಕಿಸಿ ಬಂದಿಯೇನು, ನನ್ನ ಮ್ಯಾಲೆ ಹಾಕಸಾಕ?"

ಅವನು ಹಿಂದೆ ಸರಿದು ಮೇಕೆಗಳನ್ನು ಎಣಿಸತೊಡಗಿದ. ಗೆಳತಿ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೇಬಿಟ್ಟಳು. "ನಾವು ಮೈನ್ಸಿನೋರಲ್ಲಕ್ಕ. ಸಾಲಿ ಕಲಸೋರು. ಇಕಿ ಬಳ್ಳಾರಿ, ನಾ ಸಿರುಗುಪ್ಪ. ಮೊದ್ಲು ಒಂದು ತಂಬಿಗಿ ನೀರು ಕೊಡ್ರಿ, ಆಮ್ಯಾಲೆ ಬೈರಿ."

ನೀರು ಬಂತು. ಬೈಗುಳ ಬರಲಿಲ್ಲ. ಬದಲಿಗೆ ಅವಳು ತನ್ನ ಅಕ್ಕನ ಊರಿನ ಕತೆ ಹೇಳಿದಳು. ಗುಡ್ಡದ ಆಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. "ಅಲ್ಲಿನೂ ಮೊದ್ಲು ನಿಮ್ಮಂಗ ಬಂದಿದ್ರು. ಓದಿದ ಮಂದಿ. ಬಂಡೆಗಲ್ಲಿಗಿ ಬಣ್ಣ ಬಳದ್ರು. ಯಾಕ್ರಿ ಅಂದ್ರ ಸುಮ್ನ ಅಂದ್ರು. ಆಮ್ಯಾಲೆ ಕಲ್ಲು ನೆಟ್ರು. ಅದೂ ಸುಮ್ನ. ಆಮ್ಯಾಲೆ ಮಿಷಿನ್ ಬಂತು. ಈಗ ನಮ್ಮಕ್ಕನ ಮನ್ಯಾಗ ಅನ್ನದ ಗಡಿಗಿ ಮುಚ್ಚಿಟ್ರೂ ಮ್ಯಾಲೆ ಕೆಂಪು ಬರತೈತಿ. ಗುಡ್ಡಾನೇ ಇಲ್ಲ. ನಾ ಸಣ್ಣಾಕಿದ್ದಾಗ ಆ ಗುಡ್ಡದ ಮ್ಯಾಲೆ ಬಾರಿಹಣ್ಣು ಆರಿಸೀನಿ. ಮನ್ನಿ ಹೋದ್ರ ಆ ಕಡಿ ಬರೇ ಆಕಾಶ." ಮೊರವನ್ನು ಪಕ್ಕಕ್ಕೆ ಸರಿಸಿ, "ಇವತ್ತ ಮೇಕಿ ಹೊಡ್ಕೊಂಡು ಹೋದಾಗ ನಿಮ್ಮ ಪೆಟಗಿ ನೋಡಿ, ಇಲ್ಲಿಗೂ ಬಂದ್ರು ಅಂದ್ಕೊಂಡೆ. ಬಿಚ್ಚಿಕೊಂಡು ಬಂದೆ. ಒಡ್ಯಾಕ ಮನಸ್ಸು ಬರ್ಲಿಲ್ಲ, ಒಳಗ ಏನೋ ಮಿಣುಕ್ ಮಿಣುಕ್ ಅಂತಿತ್ತು" ಎಂದಳು.

ಕುರುಗೋಡಿನ ಈ ಗುಡ್ಡ ಬೂದು ಗ್ರಾನೈಟ್ ಕಲ್ಲಿನದು, ಇಲ್ಲಿ ಅದಿರಿಲ್ಲ ಎಂದು ಗೆಳತಿ ಬಿಡಿಸಿ ಹೇಳಿದಳು. ಮನೆಯಾಕೆ ಅರ್ಧ ನಂಬಿದಳು. ಒಳಗೆ ಹೋಗಿ, ಜೋಳ ತುಂಬಿಡುವ ಮಣ್ಣಿನ ವಾಡೆಯ ಹಿಂದಿನಿಂದ ಪೆಟ್ಟಿಗೆ ತಂದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು.

"ಹಂಗಾರ ಇದು ಏನು ಮಾಡತೈತಿ? ನಾವು ಮಾತಾಡೋದು ಕೇಳತೈತೇನು?"

"ಮಾತು ಕೇಳಂಗಿಲ್ಲ. ಗಾಳಿ ನೋಡತೈತಿ" ಎಂದು ನಾನು ಲ್ಯಾಪ್‌ಟಾಪ್ ತೆರೆದೆ. ತೇವದ ಗೆರೆ ತೆರೆಯ ಮೇಲೆ ಸಪಾಟಾಗಿ ಹೋಗುತ್ತಿತ್ತು. "ಇದರ ಮ್ಯಾಲೆ ಉಸಿರು ಬಿಡ್ರಿ."

ಅವಳು ಬಗ್ಗಿ, ಒಲೆ ಊದುವಂತೆ ಜೋರಾಗಿ ಊದಿದಳು. ಗೆರೆ ಸರ್ರನೆ ಮೇಲೆದ್ದಿತು. ಬೆಚ್ಚಿ ಹಿಂದೆ ಸರಿದಳು. ಗೆರೆ ನಿಧಾನಕ್ಕೆ ಇಳಿಯಿತು. ಮತ್ತೆ ಊದಿದಳು. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟು ಓಣಿಗೆ ಕೂಗಿದಳು. ಅಕ್ಕಪಕ್ಕದವರು ಬಂದರು. ಊದಿದವರೆಷ್ಟೋ. ಒಬ್ಬ ಮುದುಕ ಬೀಡಿ ಹೊಗೆ ಬಿಟ್ಟ, ಧೂಳಿನ ಗೆರೆ ಕುಣಿದಾಡಿತು, ಎಲ್ಲರೂ ಅವನನ್ನು ಆಚೆ ತಳ್ಳಿದರು. ಕಾವಲುಗಾರನಿಗೂ ತಡೆಯಲಾಗದೆ ತಾನೂ ಒಮ್ಮೆ ಊದಿದ.

ಗದ್ದಲ ಇಳಿದ ಮೇಲೆ ಮನೆಯಾಕೆ ಕೇಳಿದಳು:

"ಆತು, ಗಾಳಿ ನೋಡತೈತಿ. ನೋಡಿದ್ದು ಯಾರಿಗಿ ಹೇಳತೈತಿ?"

ಕಾಲೇಜಿಗೆ, ಇಲಾಖೆಗೆ ಎನ್ನಬಹುದಿತ್ತು. ಆ ಕಟ್ಟೆಯ ಮೇಲೆ ಅದು 'ಸುಮ್ನ' ಅಂದಂತೆಯೇ ಕೇಳಿಸುತ್ತಿತ್ತು. ಗೆಳತಿ ತಲೆಯೆತ್ತಿ ಮಾಳಿಗೆ ನೋಡಿದಳು, ಆಮೇಲೆ ಗುಡ್ಡ ನೋಡಿದಳು. "ಮ್ಯಾಲೆ ಹತ್ತಬಹುದೇನಕ್ಕ?"

ಏಣಿ ಹತ್ತಿ ಹೋದೆವು. ಗುಡ್ಡದ ಕಣಿವೆ ಆ ಮಾಳಿಗೆಗೆ ನೇರ ಬಾಯಿ ತೆರೆದಂತಿತ್ತು. ಸುದ್ದಿಯೆಲ್ಲ ಬಂದು ಸೇರುವ ಕಂಪ್ಯೂಟರನ್ನು ಇಲಾಖೆಯ ಕ್ವಾರ್ಟರ್ಸಿನಲ್ಲಿ ಇಡುವುದೆಂದು ನಾವು ಅಂದುಕೊಂಡಿದ್ದೆವು, ಆದರೆ ಆ ಕಟ್ಟಡ ಒಂದು ಬಂಡೆಯ ಮರೆಯಲ್ಲಿತ್ತು, ಅದೇ ನಮ್ಮ ದೊಡ್ಡ ತಲೆನೋವಾಗಿತ್ತು. ಇಲ್ಲಿ ಕರೆಂಟಿತ್ತು, ಎದುರಿಗೆ ಗುಡ್ಡವಿತ್ತು. ರಿಸೀವರ್ ಹಿಡಿದು ನಿಂತೆ, ಕಾವಲುಗಾರ ಪೆಟ್ಟಿಗೆ ಹೊತ್ತು ಹಾಡುತ್ತಾ ಕಣಿವೆ ಹತ್ತಿದ. ಅವನ ಹಾಡು ಕೇಳಿಸದಾದ ಮೇಲೂ ಸಿಗ್ನಲ್ ಬರುತ್ತಲೇ ಇತ್ತು.

"ನಿಮ್ಮ ಮಾಳಿಗಿಗಿ ಹೇಳತೈತಿ. ಮೊದ್ಲು ನಿಮ್ಗ, ಆಮ್ಯಾಲೆ ನಮ್ಗ. ಆಗಬಹುದಾ?" ಎಂದಳು ಗೆಳತಿ.

ಮನೆಯಾಕೆ ಕೂಡಲೇ ಒಪ್ಪಲಿಲ್ಲ. ಗಂಡನನ್ನು ಕೇಳಬೇಕು ಎಂದಳು. ಗಂಡ ಲಾರಿ ಮೇಲೆ ಕ್ಲೀನರ್ ಆಗಿ ಹೋಗಿದ್ದ, ಅದಿರಿನ ಲಾರಿಯೇ. ಮುಂದಿನ ಸಲ ಹೋದಾಗ ಅವನೇ ಆಂಟೆನಾದ ಕಂಬಕ್ಕೆಂದು ಗೋಡೆಯ ಪಕ್ಕ ಗುಣಿ ತೋಡಿದ್ದ.

ಎಲೆ ಉದುರಿದ ಮೇಲೆ ಇನ್ನೊಮ್ಮೆ ಸರ್ವೆ ಮಾಡಿ, ಬೇಸಿಗೆಯ ಕೊನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟಿದೆವು. ಎಲ್ಲವೂ ಮಾತಾಡತೊಡಗಿದ ವಾರವೇ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಕೂತು ತೆರೆ ನೋಡುತ್ತಿದ್ದೆ. ಪಕ್ಕದಲ್ಲಿ ಮನೆಯಾಕೆ ಹಳೆ ಸೀರೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು. ಗುಡ್ಡದ ಆಚೆ ಮಗ್ಗುಲಿನ ಪೆಟ್ಟಿಗೆಯ ಶಾಖ ಇದ್ದಕ್ಕಿದ್ದಂತೆ ಬಿತ್ತು, ತೇವ ಏರಿತು. ಕೆಟ್ಟಿರಬೇಕು ಅಂದುಕೊಂಡೆ. ಆಮೇಲೆ ನೆತ್ತಿಯ ಪೆಟ್ಟಿಗೆ ಹಾಗೇ ಮಾಡಿತು. ಆಮೇಲೆ ಈಚೆ ಇಳಿಜಾರಿನದು. ನನಗೆ ಹೊಳೆಯುವಷ್ಟರಲ್ಲಿ ಕಣಿವೆಯ ಪೆಟ್ಟಿಗೆಯ ಗೆರೆಯೂ ಎದ್ದಿತ್ತು.

"ಅಕ್ಕಾ, ಮಳಿ! ಗುಡ್ಡ ಇಳಿದು ಬರಾಕ ಹತ್ತೈತಿ!"

"ಎಲ್ಲೈತಿ ಮಳಿ? ಬಿಸಿಲು ಹೊಡ್ಯಾಕತ್ತೈತಲ್ಲ!"

"ಸಂಡಿಗಿ ಎತ್ರಿ ಮೊದ್ಲು!"

ಇಬ್ಬರೂ ಸೀರೆಯ ತುದಿಗಳನ್ನು ಹಿಡಿದು, ಸಂಡಿಗೆ ಚೆಲ್ಲದಂತೆ ಮಡಚಿ ಏಣಿ ಇಳಿಯುವಾಗ ಮೊದಲ ಹನಿಗಳು ಬೆನ್ನಿಗೆ ಬಿದ್ದವು. ಮಳೆ ಬರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಗುಡ್ಡದ ಬೆನ್ನು ಹತ್ತಿ, ಹೊಟ್ಟೆ ಇಳಿದು, ಮರದಿಂದ ಮರಕ್ಕೆ ನಡೆದು ಬರುವುದನ್ನು ನೋಡಿದ್ದು ಅವತ್ತೇ.

ಪೆಟ್ಟಿಗೆಗಳ ಜಾಲ ಎರಡು ಮಳೆಗಾಲ ನಡೆಯಿತು. ರಸ್ತೆಗೆ ಮುಖ ಮಾಡಿದ ಇಳಿಜಾರಿಗೆ ಧೂಳು ಬರುತ್ತಿತ್ತು, ನೆತ್ತಿ ದಾಟಿ ಆಚೆ ಹೋಗುತ್ತಿದ್ದುದು ಕಡಿಮೆ. ಗೆಳತಿ ಅದನ್ನೆಲ್ಲ ಬರೆದು ಇಲಾಖೆಗೆ ಕೊಟ್ಟಳು, ಅದರ ಪ್ರತಿಯನ್ನು ಕಟ್ಟೆಯ ಮೇಲೆ ಕೂತು ಮನೆಯಾಕೆಗೂ ಓದಿ ಹೇಳಿದಳು. ಒಂದು ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟಿದವು. ಇನ್ನೊಂದನ್ನು ಕರಡಿ ನಿಜವಾಗಿಯೂ ಜಗಿದುಹಾಕಿತ್ತು. ಹಲ್ಲಿನ ಗುರುತಿದ್ದ ಕವಚವನ್ನು ಕಾವಲುಗಾರ ಗೆದ್ದವನಂತೆ ಎತ್ತಿ ಹಿಡಿದು ಬಂದ. "ಕರಡೀದು ಅಂತ ಅಂದಿದ್ದಿಲ್ಲಾ ನಾನು?"

ಅರ್ಥವಾಗದೆ ಉಳಿದದ್ದು ಕಣಿವೆಯ ಒಂದು ಪೆಟ್ಟಿಗೆ. ಬೇಸಿಗೆಯ ಮಧ್ಯಾಹ್ನ ಉಳಿದವೆಲ್ಲ ಕಾದು ಮೇಲೇರುವ ಹೊತ್ತಿಗೆ ಅದು ಮಾತ್ರ ತಣ್ಣಗಾಗುತ್ತಿತ್ತು. ಬ್ಯಾಟರಿ ಬದಲಿಸಿದೆ, ಸೆನ್ಸರ್ ಬದಲಿಸಿದೆ, ಅದೇ ಕತೆ. ಕೊನೆಗೊಂದು ದಿನ ಬಿಸಿಲು ನೆತ್ತಿಗೇರಿದಾಗ ಗೆಳತಿ, ನಾನು, ಆ ಮನೆಯ ಅಕ್ಕ ಮೂವರೂ ಅಲ್ಲಿಗೇ ಹೋದೆವು. ನಮ್ಮಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿಯೂ ಜೊತೆಗಿತ್ತು. ಬಂಡೆಗಳೆಲ್ಲ ಹೆಂಚಿನಂತೆ ಕಾದಿದ್ದವು. ಪೆಟ್ಟಿಗೆ ಕಟ್ಟಿದ್ದ ಮರದ ಬುಡದಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಕೈ ತೂರುವಷ್ಟು ಸಂದು. ಅಕ್ಕ ಮೊದಲು ಕೈಯಿಟ್ಟು, ಥಟ್ಟನೆ ತೆಗೆದು, ಮತ್ತೆ ಇಟ್ಟಳು.

"ಏಯ್, ಒಳಗಿಂದ ಯಾರೋ ಊದಾಕ ಹತ್ಯಾರ ನೋಡ್ರಿ!"

ನಾವೂ ಕೈಯಿಟ್ಟೆವು. ತಣ್ಣನೆಯ ಗಾಳಿ, ಮಣ್ಣಿನ ವಾಸನೆಯದು, ಸಣ್ಣಗೆ, ಎಡೆಬಿಡದೆ ಹೊರಗೆ ಬರುತ್ತಿತ್ತು. ಎಲ್ಲಿಂದ? ಬಂಡೆಗಳ ಕೆಳಗೆ ಗವಿಯಿದೆಯೇ, ನೆತ್ತಿಯಲ್ಲೆಲ್ಲೋ ಇದರ ಇನ್ನೊಂದು ಬಾಯಿದೆಯೇ? ಇಷ್ಟು ವರ್ಷ ಇಲ್ಲಿ ಮೇಕೆ ಕಾದರೂ ತನಗೂ ಇದು ಗೊತ್ತಿರಲಿಲ್ಲ ಎಂದಳು ಅಕ್ಕ. ಗೆಳತಿ ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಬಿಟ್ಟು ನೋಡಿದಳು. ಬೆಳಕು ಎಲ್ಲಿಗೂ ಮುಟ್ಟಲಿಲ್ಲ. ಅಲ್ಲೇ, ಆ ಸಂದಿನ ಬಾಯಿಗೆ ಕಾಲು ಚಾಚಿ ಕೂತು, ಡಬ್ಬಿ ಬಿಚ್ಚಿ, ಒಳಗೆ ಏನಿರಬಹುದೆಂದು ಮಾತಾಡುತ್ತಾ ಮೂವರೂ ಊಟ ಮಾಡಿದೆವು.